ಸೀಪ್ಲೇನಿಗೆ ದಾರಿ ಬಿಡದ ಅತ್ತೆ

ಅತ್ತೆಯ ಎರಡೂ ಅಂಗೈಗಳಲ್ಲಿ ನದಿಯ ಕೆಸರಿನಿಂದ ಹೆಕ್ಕುವ ಬಳಚಿನ ಚಿಪ್ಪು ಸೀಳಿದ ಗೆರೆಗಳಿದ್ದವು. ಕೆಲವು ಮಾಸಿದ್ದವು, ಒಂದೆರಡು ಯಾವಾಗಲೂ ಹಸಿ. ಅದೇ ಕೈಯಲ್ಲಿ ಖಾರದ ಮೀನು ಸಾರು ಕಲಸಿ ಉಣ್ಣುವಾಗಲೂ ಅವಳು ಮುಖ ಕಿವುಚುತ್ತಿರಲಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ಮಂಜಗುಣಿಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಬೇಲಿ. ಅಪ್ಪ ದೋಣಿ ಮಾರಿ ಅಂಕೋಲೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳು ನಮ್ಮ ಮೆಟ್ಟಿಲು ಹತ್ತಲಿಲ್ಲ. ನಾನು ಕಾಲೇಜಿಗೆ ಹೊರಟರೆ ಬೇಲಿಯಾಚೆಯಿಂದ ನನಗೆ ಕೇಳುವಂತೆಯೇ, "ಹೊಂಟ್ಳು ನೋಡು, ನೀರು ಕಂಡ್ರೆ ಹೇಸೂ ಹೆಣ್ಣು" ಎನ್ನುತ್ತಿದ್ದಳು. ನನಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಓದು ಮುಗಿಸಿ ಕಾರವಾರದಲ್ಲಿ ಒಂದು ಕಂಪನಿಗೆ ಸೇರಿದೆ. ನೀರಿನ ಮೇಲೆ ಇಳಿಯುವ ವಿಮಾನದಲ್ಲಿ ಪ್ರವಾಸಿಗರನ್ನು ಕರೆತರುವ ಯೋಜನೆ ಅವರದು. ಕಚೇರಿಯ ಗೋಡೆಯಲ್ಲಿ ಹಿಂದಿನ ಕಾಲದ ಹಾರುವ ದೋಣಿಗಳ ಫೋಟೋಗಳಿದ್ದವು. ಹಡಗಿನಂಥ ಹೊಟ್ಟೆಯನ್ನು ನೀರಿಗೆ ಊರಿ ನಿಂತ ವಿಮಾನಗಳು, ರೆಕ್ಕೆಯ ಮೇಲೆ ನಿಂತು ಹಗ್ಗ ಎಸೆಯುವ ಮನುಷ್ಯರು. ಅವು ನನಗೆ ನಿಜಕ್ಕೂ ಇಷ್ಟವಾಗಿದ್ದವು. ಪ್ರಯೋಗಕ್ಕೆ ವಿಮಾನ ಇಳಿಸಲು ಅವರು ಆರಿಸಿದ್ದು ನಮ್ಮ ಗಂಗಾವಳಿ ನದಿ ಕಡಲು ಸೇರುವ ಅಳಿವೆಯನ್ನು, ಹೆಂಗಸರು ಕೆಸರಿನಿಂದ ಬಳಚು ತೆಗೆಯುವ ಜಾಗದ ಪಕ್ಕದಲ್ಲೇ.

ಪ್ರಯೋಗದ ಬೆಳಿಗ್ಗೆ ಜನರನ್ನು ನೀರಿನಿಂದ ಮೇಲೆ ಕಳಿಸುವ ಕೆಲಸ ನನಗೇ ಬಂತು. ಉಳಿದ ಹೆಂಗಸರು ಗೊಣಗುತ್ತ ದಡಕ್ಕೆ ಬಂದರು. ಅತ್ತೆ ಸೊಂಟದುದ್ದ ನೀರಿನಲ್ಲಿ ಬುಟ್ಟಿ ಹಿಡಿದು ನಿಂತೇ ಇದ್ದಳು.

"ಅತ್ತೆ, ಮೇಲೆ ಬಾ. ವಿಮಾನ ಬರ್ತದೆ," ಎಂದೆ.

"ಬರ್ಲಿ. ನಾ ಅದ್ರ ದಾರಿಗೆ ಹೋಗಿದ್ನಾ? ಅದೇ ನನ್ನ ದಾರಿಗೆ ಬಂದದ್ದು."

ವಿಮಾನ ತಲೆಯ ಮೇಲೆ ಸುತ್ತು ಹೊಡೆದು, ಅವಳಿಂದ ಆಚೆ ನದಿಯ ನಡುವೆ ಇಳಿಯಿತು. ನೀರು ಸೀಳಿ ಎದ್ದ ಅಲೆ ಅತ್ತೆಯನ್ನು ಕೆಡವಿತು. ಬುಟ್ಟಿ ಮಗುಚಿತು. ಎದ್ದವಳು ಕೆಮ್ಮಿದಳು, ಕೂದಲು ಹಿಂಡಿ ಗಂಟು ಹಾಕಿಕೊಂಡಳು. ವಿಮಾನ ಜೆಟ್ಟಿಗೆ ಬಂದು ನಿಂತಿತು. ಸ್ವಾಗತಕ್ಕೆ ಬಂದ ಅತಿಥಿಗಳು ಹಾರ ಹಿಡಿದು ಕಾಯುತ್ತಿರುವಾಗಲೇ ಅವಳು ಬುಟ್ಟಿ ತುಂಬ ಕೆಸರು ತಂದು ಅದರ ಮೆಟ್ಟಿಲ ಮೇಲೆ ಸುರಿದಳು. ಪೊಲೀಸರು ಅವಳ ರಟ್ಟೆ ಹಿಡಿದರು.

ಮ್ಯಾನೇಜರು ನನ್ನತ್ತ ತಿರುಗಿ, "ಯಾರು ಈ ಹುಚ್ಚಿ?" ಎಂದರು.

"ನಮ್ಮತ್ತೆ. ಹುಚ್ಚಿ ಅಲ್ಲ. ಅಲೆ ಅವಳನ್ನ ಕೆಡವಿದ್ದು ನೀವೂ ನೋಡಿದ್ರಿ. ಪೊಲೀಸರಿಗೂ ಅದನ್ನೇ ಹೇಳ್ತೇನೆ."

ಹೇಳಿದೆ. ಸಂಜೆಯೊಳಗೆ ಅವಳನ್ನು ಪೊಲೀಸರು ಬಿಟ್ಟರು, ನನ್ನನ್ನು ಕಂಪನಿ ಬಿಟ್ಟಿತು.

ಮರುದಿನ ಅತ್ತೆ ಬೇಲಿಯ ಬಳಿ ಬಂದು ನಿಂತಳು. "ಸಾಕ್ಷಿ ಹೇಳು ಅಂತ ನಾ ನಿನ್ನ ಕೇಳಿದ್ನಾ?"

ಅವಳು ಹೊಳೆಯ ಕಡೆ ಕಣ್ಣು ಹಾಯಿಸಿದಳು.

"ನೀರು ಇಳಿತ ಆಗ್ತಾ ಬಂತು. ಮನೇಲಿ ಕೂತು ಎಂತ ಮಾಡ್ತೆ? ಬುಟ್ಟಿ ತಕಂಡು ಬಾ."

ಹೋದೆ. ಕಲಿಸಿದ್ದೆಲ್ಲ ಬೈಗುಳದಲ್ಲೇ. ಕೆಸರಿನೊಳಗಿನ ಚಿಪ್ಪು ನನ್ನ ಪಾದಕ್ಕೆ ತಿಳಿಯದಿದ್ದರೆ, "ಕಾಲಿಗೆ ಓದು ಕಲ್ಸಲಿಲ್ವಾ ಕಾಲೇಜಲ್ಲಿ?" ಎನ್ನುತ್ತಿದ್ದಳು. ಎಳೆಯದನ್ನು ಹೆಕ್ಕಿದರೆ ಕೈಮೇಲೆ ಹೊಡೆದು ಮತ್ತೆ ನೀರಿಗೆ ಬಿಡಿಸುತ್ತಿದ್ದಳು. ವಿಮಾನ ತಿರುಗಿ ಬರಲಿಲ್ಲ. ಅದಕ್ಕೆ ಅವಳೇ ಕಾರಣವೋ ಬೇರೇನೋ ನನಗೆ ಗೊತ್ತಿಲ್ಲ. ಬರಬೇಕಿದ್ದ ಕೆಲಸಗಳು ಇವಳಿಂದಲೇ ತಪ್ಪಿದವು ಎಂದು ಊರಲ್ಲಿ ಹಲವರು ಅವಳ ಬಳಚು ಕೊಳ್ಳುವುದನ್ನೇ ಬಿಟ್ಟರು. ಅವಳು ಬಸ್ಸು ಹತ್ತಿ ಅಗಸೂರಿಗೆ ಹೋಗಿ ಮಾರಿ ಬಂದಳು.

ಕಳೆದ ಮಳೆಗಾಲದಲ್ಲಿ ಹಾಸಿಗೆ ಹಿಡಿದಳು. ಗಂಜಿ ಕುಡಿಸಲು ನಾನೇ ಹೋಗುತ್ತಿದ್ದೆ. ಕೊನೆಯ ದಿನವೂ ಒಂದು ಗುಟುಕು ಕುಡಿದು, "ಉಪ್ಪಿಲ್ಲ" ಎಂದು ಗೋಡೆಯ ಕಡೆ ಹೊರಳಿದಳು. ನಾನು ಉಪ್ಪು ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಈಗಲೂ ಇಳಿತದ ಹೊತ್ತಿಗೆ ಹೆಂಗಸರೆಲ್ಲ ನೀರಿಗಿಳಿಯುತ್ತೇವೆ. ಅತ್ತೆ ನಿಲ್ಲುತ್ತಿದ್ದ ಜಾಗವನ್ನು ಯಾರೂ ಹಿಡಿಯುವುದಿಲ್ಲ, ನನಗೆ ಬಿಡುತ್ತಾರೆ.