ಸಮುದ್ರ ಕಾಣುವ ರೂಮು

ಊರಿನವರೆಲ್ಲ ಅವನನ್ನು ರೂಮಣ್ಣ ಎಂದೇ ಕರೆಯುತ್ತಿದ್ದರು. ಹೋಟೆಲ್ಲೇ ಇಲ್ಲದ ಆ ಕಡಲತೀರದ ಹಳ್ಳಿಯಲ್ಲಿ ಬಸ್ಸಿಳಿದವರ ಮುಖ ನೋಡಿದರೆ ಸಾಕು, ಯಾರಿಗೆ ಯಾವ ಮನೆ ಒಗ್ಗುತ್ತದೆಂದು ಅವನಿಗೆ ಗೊತ್ತಾಗುತ್ತಿತ್ತು. ಹೊಸದಾಗಿ ಮದುವೆಯಾದವರಿಗೆ ರಿಟೈರಾದ ಟೀಚರಮ್ಮನ ಮಹಡಿ. ಮಾತೇ ಬೇಡವೆನ್ನುವವರಿಗೆ ಕಿವುಡಜ್ಜಿಯ ಹಿಂದಿನ ಕೋಣೆ. ಅವರ ಚೀಲ ಹೊತ್ತು ಮುಂದೆ ನಡೆಯುತ್ತಾ, “ಬೆಳಿಗ್ಗೆ ಕಿಟಕಿ ತೆಗೀರಿ, ಸಮುದ್ರ ಕಾಲಬುಡಕ್ಕೇ ಬಂದಿರುತ್ತೆ” ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ.

ಅವನ ಸ್ವಂತ ಮನೆಯಿದ್ದದ್ದು ಐಸ್ ಕಾರ್ಖಾನೆಯ ಹಿಂದೆ. ಕಿಟಕಿ ತೆಗೆದರೆ ಕಾರ್ಖಾನೆಯ ಗೋಡೆ. ಬಂದವರ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದವಳು ಅವನ ಹೆಂಡತಿ. ಅವುಗಳ ಮೇಲೆ ಒಂದು ದಿನವೂ ಮಲಗಿದವಳಲ್ಲ.

ಹೊಟ್ಟೆಯ ಗಡ್ಡೆ ಕೈಮೀರಿದೆ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ವಾರ ಅವಳು ಮಲಗಿದಲ್ಲಿಂದಲೇ ಕೇಳಿದಳು.

“ರೀ, ಬಂದೋರಿಗೆಲ್ಲ ಸಮುದ್ರ ಕಾಣೋ ರೂಮು ಕೊಡಿಸಿದ್ರಿ. ನನಗೂ ಒಂದು ಕೊಡಿಸ್ತೀರಾ?”

“ಅದೇನು ಮಹಾ! ಸಂಜೆಯೊಳಗೆ ಕೊಡಿಸ್ತೀನಿ” ಅಂದ.

ಮೊದಲು ಹೋದದ್ದು ಟೀಚರಮ್ಮನ ಮನೆಗೆ. ಅವರು ಕಣ್ಣೊರೆಸಿಕೊಂಡರು. “ನಿನಗೆ ಇಲ್ಲ ಅನ್ನೋಕೆ ನಾಲಿಗೆ ಏಳಲ್ಲ ಕಣೋ. ಆದ್ರೆ ಅಲ್ಲೇ ಏನಾದ್ರೂ ಆಗಿಬಿಟ್ರೆ, ಆಮೇಲೆ ಆ ರೂಮಿಗೆ ಯಾರು ಬರ್ತಾರೆ? ನೀನೇ ಹೇಳು.”

ಯಾರೂ ಬರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಕಿವುಡಜ್ಜಿ ಎಂದಿಗಿಂತ ಹೆಚ್ಚು ಕಿವುಡಾದಳು. ಅವನು ಮೂರು ಸಲ ಕೂಗಿ ಕೇಳಿದ. ಬೀದಿಗೆಲ್ಲ ಕೇಳಿಸಿತು, ಅವಳಿಗಲ್ಲ. ಹೀಗೆ ಏಳು ಮನೆ ಮುಗಿದವು.

ಉಳಿದದ್ದು ಊರ ತುದಿಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನ ಮನೆ. ‘ರೂಮು ಸಿಗುತ್ತದೆ’ ಎಂದು ಬೋರ್ಡು ಹಾಕಿ ಹದಿನೈದು ವರ್ಷವಾಗಿದ್ದರೂ, “ಅಲ್ಲಿ ಬೇಡಿ, ಸೋರುತ್ತೆ” ಎಂದು ರೂಮಣ್ಣ ಬಸ್ ನಿಲ್ದಾಣದಲ್ಲೇ ಎಲ್ಲರನ್ನೂ ತಡೆದುಬಿಡುತ್ತಿದ್ದ.

ಮೆಕ್ಯಾನಿಕ್ ಕೈಯ ಎಣ್ಣೆ ಒರೆಸುತ್ತಾ ಪೂರ್ತಿ ಕೇಳಿದ. “ಇಷ್ಟು ವರ್ಷದಲ್ಲಿ ನನ್ನ ಬಾಗಿಲಿಗೆ ಒಬ್ಬರನ್ನೂ ಕರ್ಕೊಂಡು ಬರಲಿಲ್ಲ ನೀನು.”

“ತಪ್ಪಾಯ್ತಣ್ಣ.”

“ಸೋರೋದು ನಿಜಾನೇ ಬಿಡು. ಈಗ ಮಳೆ ಇಲ್ಲ. ಬಾ, ಮಂಚ ಕಿಟಕಿ ಹತ್ರ ಎಳೆಯೋಣ, ಒಂದು ಕೈ ಹಾಕು.”

ಮೀನಿನ ಕೈಗಾಡಿ ತೊಳೆದು, ಹಾಸಿಗೆ ಹಾಸಿ, ಇಬ್ಬರೂ ಅವಳನ್ನು ತಳ್ಳಿಕೊಂಡು ಬಂದರು. ಅವಳು ಹೊದಿಕೆ ಮುಟ್ಟಿ ನೋಡಿ, “ಇದನ್ಯಾರು ಒಗೆದಿದ್ದು? ಸೋಪು ಹಾಗೇ ಇದೆ” ಎಂದು ಗೊಣಗಿದಳು. ಎಷ್ಟೋ ದಿನದ ಮೇಲೆ ಅವನು ನಕ್ಕ.

ಆರು ದಿನ ಅವಳು ನೀರನ್ನೇ ನೋಡಿದಳು. ನೋವು ಏರಿದಾಗ ಅವನ ಮಣಿಕಟ್ಟು ಬಿಗಿಯಾಗಿ ಹಿಡಿಯುತ್ತಿದ್ದಳು, ಇಳಿದಾಗ ಹೋಗುವ ದೋಣಿ ತೋರಿಸುತ್ತಿದ್ದಳು. ಏಳನೆಯ ಬೆಳಿಗ್ಗೆ ಅವನು ಬಿಸಿನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಣ್ಣು ತೆರೆದೇ ಇತ್ತು. ಮುಚ್ಚಲು ಅವನಿಂದಾಗಲಿಲ್ಲ, ಮೆಕ್ಯಾನಿಕ್ಕೇ ಬಂದು ಮುಚ್ಚಿದ.

ತಿಂಗಳು ಕಳೆದು ರೂಮಣ್ಣ ಮತ್ತೆ ಬಸ್ ನಿಲ್ದಾಣಕ್ಕೆ ಹೋದ. ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ. ಈಗಲೂ ಜನರನ್ನು ಟೀಚರಮ್ಮನ ಮನೆಗೆ ಕರೆತರುತ್ತಾನೆ, ಚೀಲವನ್ನು ಗೇಟಿನ ಬಳಿಯೇ ಇಳಿಸುತ್ತಾನೆ.

“ಒಳಗೆ ಬಾರೋ, ಟೀ ಕುಡಿದು ಹೋಗು.”

“ಮಂಡಿ ನೋವು ಟೀಚರಮ್ಮ, ಮೆಟ್ಟಿಲು ಹತ್ತೋಕಾಗಲ್ಲ.”

ಬಾಗಿಲಿಗಿರುವುದು ಒಂದೇ ಮೆಟ್ಟಿಲೆಂದು ಇಬ್ಬರಿಗೂ ಗೊತ್ತು. ಅವರೂ ಒತ್ತಾಯ ಮಾಡುವುದಿಲ್ಲ.