ಯಾರೂ ಓದದೆ ಉಳಿದ ಕನ್ನಡ ನೋಟೀಸು

ಮುಂಬಯಿಗೆ ಬಂದು ನಾಲ್ಕನೆಯ ದಿನ. ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ, ಅದೇನು ಅದೃಷ್ಟವೋ, ನನಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಎದುರಿಗೆ ನಿಂತಿದ್ದ ಹೆಂಗಸು ಬಗ್ಗಿ ನನ್ನ ಭುಜ ತಟ್ಟಿ, “ಕಹಾಂ?” ಅಂದಳು. ಎಲ್ಲಿ ಎಂದು ಕೇಳುತ್ತಿದ್ದಾಳೆ ಅನ್ನುವಷ್ಟು ಹಿಂದಿ ನನಗೂ ಗೊತ್ತಿತ್ತು. “ಮುದ್ದೇಬಿಹಾಳ” ಅಂದೆ. ಆಕೆ ಮತ್ತೆ ಕೇಳಿದಳು. ಸಣ್ಣ ಊರು, ಹೆಸರು ಕೇಳಿರಲಿಕ್ಕಿಲ್ಲ ಅಂದುಕೊಂಡು, “ವಿಜಯಪುರ ಜಿಲ್ಲಾ, ಕರ್ನಾಟಕ” ಎಂದು ಬಿಡಿಸಿ ಹೇಳಿದೆ. ಸುತ್ತಲಿದ್ದವರೆಲ್ಲ ಒಮ್ಮೆಲೇ ನಕ್ಕರು.

ಆಮೇಲೆ ನಾನು ಇಳಿದುಕೊಂಡಿದ್ದ ಮನೆಯ ಚಿಗವ್ವ ತಿಳಿಸಿ ಹೇಳಿದಳು. ನಾನು ಯಾವ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ ಎಂದು ಗೊತ್ತಾದರೆ ನನ್ನ ಜಾಗ ಆಕೆಯದಾಗುತ್ತದಂತೆ. ನಮ್ಮ ಕಡೆ ಬಸ್ಸಿನಲ್ಲಿ “ಯಾವೂರವಾ?” ಎಂದು ಕೇಳಿದವರು ಯಾರ ಮಗಳು, ಯಾರ ಮೊಮ್ಮಗಳು ಎಂದು ಬೆದಕಿ, ಇಳಿಯುವಷ್ಟರಲ್ಲಿ ಒಂದು ಬಳಗ ಹುಡುಕಿ ತೆಗೆದಿರುತ್ತಾರೆ. ಈ ಊರಿಗೆ ನಾನು ಎಲ್ಲಿಂದ ಬಂದೆ ಅನ್ನುವುದು ಬೇಕಿಲ್ಲ, ಯಾವಾಗ ಏಳುತ್ತೇನೆ ಅನ್ನುವುದಷ್ಟೇ ಬೇಕು ಎಂದು ಆ ದಿನ ಕಣ್ಣಲ್ಲಿ ನೀರು ಬಂದಿತ್ತು. ಈಗ ನಾನೂ ರೈಲು ಹತ್ತಿದ ಕೂಡಲೇ ಎಲ್ಲರ ಭುಜ ತಟ್ಟುತ್ತೇನೆ.

ನಾನು ಬಂದದ್ದು ಓದಲಿಕ್ಕೆ. ನನ್ನ ತಂಗಿ ಕಸ್ತೂರಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅವಳಿಗೆ ಆರು ವರ್ಷವಾದಾಗ ಹುಬ್ಬಳ್ಳಿಯ ದವಾಖಾನೆಯಲ್ಲಿ ಒಬ್ಬ ಮೇಡಂ ಅವಳ ಕೈಯನ್ನು ತಮ್ಮ ಗಂಟಲ ಮೇಲೆ ಇಟ್ಟುಕೊಂಡು “ಅವ್ವ” ಎನ್ನುವುದನ್ನು ಕಲಿಸಿದ್ದನ್ನು ನೋಡಿದೆ. ಆ ಕೆಲಸವೇ ನನಗೂ ಬೇಕು ಅನ್ನಿಸಿತು. ಮಾತು ಮತ್ತು ಕಿವಿಯ ಚಿಕಿತ್ಸೆ ಕಲಿಸುವ ಕಾಲೇಜುಗಳಿಗೆ ಪರೀಕ್ಷೆ ಬರೆದೆ. ಸೀಟು ಸಿಕ್ಕಿದ್ದು ಮುಂಬಯಿಯಲ್ಲಿ. ಅವ್ವ ರೊಟ್ಟಿ ಬಡಿದು ಮಾರಿದ್ದು, ಅಪ್ಪನ ಸೈಕಲ್ ರಿಪೇರಿ ಅಂಗಡಿಯದು, ಎಲ್ಲ ಸೇರಿ ಮೊದಲ ವರ್ಷ ಹೇಗೋ ದಾಟಿತು.

ಉಳಿದುಕೊಂಡದ್ದು ಮುಲುಂಡ್‌ನಲ್ಲಿ, ಗುಡ್ಡದ ಬದಿಯ ಸಾಲುಮನೆಗಳ ಚಾಳಿನಲ್ಲಿ, ಅವ್ವನ ತಂಗಿ ಮಹಾದೇವಿ ಚಿಗವ್ವನ ಮನೆಯಲ್ಲಿ. ಒಂದೇ ಖೋಲಿ, ಅದರಲ್ಲೇ ಅಡುಗೆ, ನಿದ್ದೆ ಎಲ್ಲ. ಚಿಗವ್ವ ದೊಡ್ಡ ಬಿಲ್ಡಿಂಗುಗಳ ಮನೆಗಳಿಗೆ ಹೋಗಿ ಚಪಾತಿ ಮಾಡಿಕೊಟ್ಟು ಬರುತ್ತಾಳೆ. ಅಡುಗೆಯಲ್ಲ, ಬರೀ ಚಪಾತಿ. ಅದಕ್ಕೊಬ್ಬರನ್ನು ಬೇರೆಯಾಗಿ ಕರೆಯುವ ರೂಢಿ ಇಲ್ಲಿದೆ. ವಾರವೆಲ್ಲ ಮಂದಿಗೆ ಗೋಧಿ ಲಟ್ಟಿಸಿ, ರವಿವಾರ ನಮಗಾಗಿ ಜೋಳದ ರೊಟ್ಟಿ ಬಡಿಯುತ್ತಾಳೆ. ಆ ಸಪ್ಪಳಕ್ಕೆ ಪಕ್ಕದ ಮರಾಠಿ ಅಜ್ಜಿ ಬಂದು, “ಇಷ್ಟು ತೆಳು ಭಾಕರಿಯೇ?” ಎಂದು ಪ್ರತಿ ವಾರವೂ ಹೊಸದಾಗಿ ಸೋಜಿಗಪಟ್ಟು ಒಂದನ್ನು ಎತ್ತಿಕೊಂಡು ಹೋಗುತ್ತಾಳೆ.

ಕಾಲೇಜಿನಲ್ಲಿ ನಾನು ಮೂಕಿಯಾಗಿದ್ದೆ. ಪಾಠ ಇಂಗ್ಲಿಷ್, ಗೆಳತಿಯರ ಹರಟೆ ಹಿಂದಿ, ಆಫೀಸು ಮರಾಠಿ. ಮಾತಿನ ಚಿಕಿತ್ಸೆ ಕಲಿಯಲು ಬಂದವಳಿಗೆ ಒಂದು ವಾಕ್ಯ ಹೊರಡಿಸಲು ಬೆವರು ಬರುತ್ತಿತ್ತು.

ಎರಡನೆಯ ವರ್ಷದ ಫೀ ಕಟ್ಟುವ ದಿನ ಹತ್ತಿರವಾದಂತೆ ಸ್ಕಾಲರ್‌ಶಿಪ್ಪಿಗಾಗಿ ತಿರುಗಾಡಿದೆ. ಇಲ್ಲಿಯದಕ್ಕೆ ಇಲ್ಲಿ ಬಹಳ ವರ್ಷ ವಾಸವಿದ್ದ ದಾಖಲೆ ಬೇಕು ಅಂದರು. ನಮ್ಮೂರಿನ ಕಂಪ್ಯೂಟರ್ ಅಂಗಡಿಯವನು ಕರ್ನಾಟಕದ ಸ್ಕಾಲರ್‌ಶಿಪ್ಪಿನ ಯಾದಿ ಹುಡುಕಿ ನೋಡಿ, ಅದರಲ್ಲಿ ನನ್ನ ಕಾಲೇಜಿನ ಹೆಸರೇ ಬರುತ್ತಿಲ್ಲ ಎಂದು ಫೋನಿನಲ್ಲಿ ಹೇಳಿದ. ಅಲ್ಲಿಯ ಯಾದಿಯಲ್ಲಿ ನನ್ನ ಕಾಲೇಜಿಲ್ಲ, ಇಲ್ಲಿಯ ಯಾದಿಯಲ್ಲಿ ನಾನಿಲ್ಲ. ಊರಿಗೆ ವಾಪಸು ಹೋಗುವ ಮಾತನ್ನು ಚಿಗವ್ವನ ಮುಂದೆ ಆಡಿದೆ. ಅವಳು ಹಿಟ್ಟು ನಾದುತ್ತಲೇ ಇದ್ದಳು.

ಆಗ ಕೈಹಿಡಿದವರು ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಸುಮನ್‌ತಾಯಿ. ಮರಾಠಿಯಲ್ಲಿ ‘ತಾಯಿ’ ಎಂದರೆ ಅಕ್ಕ. ಇದು ತಿಳಿಯುವ ಮೊದಲು, ಹುಡುಗಿಯರೆಲ್ಲ ಈಕೆಯನ್ನು ಯಾಕೆ ಹೆತ್ತಮ್ಮನಂತೆ ಕರೆಯುತ್ತಾರೆ ಎಂದು ನನಗೆ ಬೆರಗಾಗಿತ್ತು. ತಿಳಿದ ಮೇಲೂ ನಾನು ಕರೆದದ್ದು ಕನ್ನಡದ ಅರ್ಥದಲ್ಲಿಯೇ. ಒಂದು ಮಧ್ಯಾಹ್ನ ನಾನು ಕಪಾಟಿನ ಹಿಂದೆ ಅಳುತ್ತಿದ್ದುದನ್ನು ಕಂಡು, ಅವರು ಕಾರಣ ಕೇಳಿ, ಒಂದು ಉಬ್ಬಿದ ಫೈಲು ತಂದು ಮುಂದಿಟ್ಟರು. ದೊಡ್ಡ ಸ್ಕಾಲರ್‌ಶಿಪ್ಪಿಗೆ ಎಲ್ಲರೂ ಮುಗಿಬೀಳುತ್ತಾರೆ, ಸಣ್ಣ ಟ್ರಸ್ಟುಗಳ ಈ ಕಾಗದಗಳನ್ನು ಯಾರೂ ಮುಟ್ಟುವುದಿಲ್ಲ, ಎಸೆಯಲು ಮನಸ್ಸಾಗದೆ ಇಟ್ಟಿದ್ದೇನೆ ಅಂದರು.

ಎಂಥೆಂಥ ದಾನಿಗಳಿದ್ದರು ಅದರಲ್ಲಿ! ಎಡಗೈಯಲ್ಲಿ ಬರೆಯುವವರಿಗೆ ಒಂದು. ತಂದೆ ಹಡಗಿನಲ್ಲಿ ಅಡುಗೆ ಮಾಡಿದ್ದರೆ ಒಂದು. ಅವಳಿಜವಳಿಗಳಿಬ್ಬರೂ ಓದುತ್ತಿದ್ದರೆ ಒಂದು. ಸೈಕಲ್ ಅಂಗಡಿಯವರ ಮಕ್ಕಳಿಗೂ ಒಂದಿತ್ತು! ಅದೇ ದಿನ ಅರ್ಜಿ ಹಾಕಿದೆ. ಅಂಗಡಿ ಮುಂಬಯಿಯೊಳಗೇ ಇರಬೇಕು ಎಂದು ಉತ್ತರ ಬಂತು. ಪ್ರಾಣಿದಯೆಯ ಬಗ್ಗೆ ಪ್ರಬಂಧ ಕೇಳಿದ್ದ ಒಂದು ಟ್ರಸ್ಟಿಗೆ ನಮ್ಮ ಓಣಿಯ ಕುಂಟ ಎಮ್ಮೆಯ ಕಥೆಯನ್ನು ಹರಕುಮುರುಕು ಹಿಂದಿಯಲ್ಲಿ ಬರೆದು ಕಳಿಸಿದೆ. ಅವರು ಒಂದು ಸರ್ಟಿಫಿಕೇಟು, ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಈ ಊರಿನಲ್ಲಿ ನನ್ನ ಮೊದಲ ಗೆಲುವು ಅದು. ಚಿಗವ್ವ ಆ ಡಬ್ಬಿಯನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದಳು.

ಫೈಲಿನ ತಳದಲ್ಲಿ ಕೈಬರಹದ ಜೆರಾಕ್ಸ್ ಒಂದಿತ್ತು. ಅದು ಯಾವ ಭಾಷೆಯೋ, ಜಿಲೇಬಿಯಂತೆ ಇದೆ, ತೆಲುಗು ಇರಬಹುದು ಎಂದು ಸುಮನ್‌ತಾಯಿ ಪಕ್ಕಕ್ಕೆ ಸರಿಸಿದರು. ನಾನು ಅದನ್ನು ಎಳೆದುಕೊಂಡೆ. ದುಂಡು ಅಕ್ಷರದ ಕನ್ನಡ.

“ಕನ್ನಡ ಓದಲು, ಮಾತಾಡಲು ಬರುವ, ಮಾತಿನ ಚಿಕಿತ್ಸೆ ಕಲಿಯುತ್ತಿರುವ ಒಬ್ಬ ವಿದ್ಯಾರ್ಥಿಗೆ ನನ್ನ ಯಜಮಾನರ ಹೆಸರಿನಲ್ಲಿ ಪೂರ್ತಿ ಫೀ ಕೊಡಲಾಗುವುದು. ಇದನ್ನು ಓದಬಲ್ಲವರು ಬಂದು ಭೇಟಿಯಾಗಬೇಕು.” ಕೆಳಗೆ ಇಂದಿರಾಬಾಯಿ ಅನ್ನುವ ಹೆಸರು, ಮಾಟುಂಗಾದ ವಿಳಾಸ. ಎಷ್ಟೋ ವರ್ಷಗಳಿಂದ ಅದು ಅಲ್ಲಿತ್ತಂತೆ. ಓದಲು ಬರುವವರು ಯಾರೂ ಆ ಫೈಲನ್ನು ತೆರೆದಿರಲಿಲ್ಲ.

ಮಾಟುಂಗಾದಲ್ಲಿ ಆ ಕಟ್ಟಡವೇ ಇರಲಿಲ್ಲ. ತಗಡಿನ ಬೇಲಿಯೊಳಗೆ ಹೊಸದಕ್ಕೆ ಪಾಯ ತೋಡುತ್ತಿದ್ದರು. ಎದುರಿಗೆ ಇಸ್ತ್ರಿ ಗಾಡಿಯವನೊಬ್ಬನಿದ್ದ. ಹೆಸರು ಹೇಳುತ್ತಲೇ ಅವನು ಗಾಡಿಯ ಕೆಳಗಿಂದ ಪೇಪರಿನಲ್ಲಿ ಸುತ್ತಿದ ಇಳಕಲ್ ಸೀರೆಯನ್ನು ತೆಗೆದ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಅಜ್ಜಿ ಇದನ್ನು ಮರೆತು ಹೋದರಂತೆ. ಪವಾಯಿಯಲ್ಲಿರುವ ಮಗಳ ಮನೆಯ ವಿಳಾಸ ಕೊಟ್ಟು, ಹೇಗೂ ಹೋಗುತ್ತೀಯಲ್ಲ, ಇದನ್ನೂ ತಲುಪಿಸು ಅಂದ.

ಹೀಗೆ, ಅರ್ಜಿಯ ಜೊತೆಗೆ ಬೇರೆಯವರ ಸೀರೆ ಹಿಡಿದು ಪವಾಯಿಯ ಎತ್ತರದ ಮನೆಯೊಂದರ ಬೆಲ್ ಒತ್ತಿದೆ. ಬಾಗಿಲು ತೆರೆದ ಹುಡುಗಿ, ಮೊಮ್ಮಗಳು ತನ್ವಿ, ಪಾರ್ಸಲ್ ತಂದವಳೆಂದು ತಿಳಿದು ಹಿಂದಿಯಲ್ಲಿ ಎಷ್ಟಾಯಿತು ಎಂದು ಕೇಳಿದಳು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಅಜ್ಜಿಯನ್ನು ನೋಡಿ ನನ್ನ ಬಾಯಿಂದ ಕನ್ನಡವೇ ಬಂತು. “ಏನೂ ಬ್ಯಾಡ್ರಿ. ನಿಮ್ಮ ನೋಟೀಸ್ ಓದಿ ಬಂದೀನ್ರಿ.”

ಇಂದಿರಾಬಾಯಿ ಸೀರೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಕುಂದರವಾ” ಅಂದು ಕುರ್ಚಿ ತೋರಿಸಿ ತಮ್ಮ ಕಥೆ ತೆಗೆದರು. ಅವರು ಧಾರವಾಡದವರು, ಇಲ್ಲಿ ಶಾಲೆಯಲ್ಲಿ ಗಣಿತ ಕಲಿಸಿದವರು. ಯಜಮಾನರಿಗೆ ಪಾರ್ಶ್ವವಾಯು ಹೊಡೆದಾಗ ಮಾತು ಪೂರ್ತಿ ನಿಂತಿತಂತೆ. ಐದಾರು ತಿಂಗಳ ಮೇಲೆ ಏನೋ ಸ್ವರ ಮರಳಿತು. ನಲವತ್ತು ವರ್ಷ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ವ್ಯವಹಾರ ಮಾಡಿದ ಮನುಷ್ಯನಲ್ಲಿ ಆ ಮೂರೂ ಅಳಿಸಿಹೋಗಿ ಕನ್ನಡವಷ್ಟೇ ಉಳಿದಿತ್ತು. ಚಿಕಿತ್ಸೆ ಕೊಡಲು ಬರುತ್ತಿದ್ದ ಹುಡುಗಿ ಒಳ್ಳೆಯವಳು, ಆದರೆ ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ನೋಟೀಸನ್ನು ಕನ್ನಡದಲ್ಲೇ ಬರೆದದ್ದೂ ಅದಕ್ಕೇ, ಬೇರೆ ಯಾರೂ ಬರಬಾರದೆಂದು. ಯಾರೂ ಬಾರದೆ ಹೋದಾಗ ಆ ಹಣವನ್ನು ಒಂದು ಆಸ್ಪತ್ರೆಗೆ ಕೊಟ್ಟುಬಿಡಬೇಕೆಂದು ಈಗ ಕಾಗದ ತಯಾರು ಮಾಡಿಸಿದ್ದರು. ಇದನ್ನು ಹೇಳುವಾಗ ಅವರ ದನಿಯಲ್ಲಿ ಬೇಸರವಿರಲಿಲ್ಲ, ದಣಿವಿತ್ತು. ನಾನು ಅರ್ಜಿಯನ್ನು ಮಡಚಿಕೊಂಡೆ.

ಅವರು ಮೊಮ್ಮಗಳಿಗೆ ಏನೋ ಸನ್ನೆ ಮಾಡಿದರು. ತನ್ವಿ ತಡವರಿಸುತ್ತಾ, “ಇದು ಆಜೋಬಾದು... ಅಜ್ಜಂದು ರೆಕಾರ್ಡಿಂಗ್ ಅದ” ಎಂದು ಫೋನು ತಂದಳು.

“ನಾ ಹತ್ರ ಹೋದಾಗೊಮ್ಮೆ ಹೀಂಗ ಅಂತಿದ್ರು” ಅಂದರು ಇಂದಿರಾಬಾಯಿ. “ಮೈ ನೋಯ್ತದ ಅಂತ ನರಳ್ತಾರ ಅಂದ್ಕೊಂಡು ಗುಳಿಗಿ ಕೊಡ್ತಿದ್ದೆ. ನೀ ಕಲಿಯಾಕಿ. ಕೇಳಿ ಹೇಳು.”

ಗೊರಗೊರ ಸದ್ದಿನ ನಡುವೆ ಮುದುಕರ ದನಿ. ಊ... ಆ... ಏ... ಅಷ್ಟೇ. ಎರಡು ಸಲ ಕೇಳಿದೆ, ಏನೂ ಹತ್ತಲಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿದೆ. ಕಸ್ತೂರಿಯ ಮಾತು ಹೀಗೆಯೇ. ನಡುವಿನ ವ್ಯಂಜನಗಳೆಲ್ಲ ಬಿದ್ದುಹೋಗಿ ಸ್ವರಗಳಷ್ಟೇ ಉಳಿದಿರುತ್ತವೆ. ಅವಳೊಂದಿಗೆ ಬೆಳೆದ ನಾನು ಅಕ್ಷರ ಬಿಟ್ಟು ರಾಗ ಹಿಡಿಯುವುದನ್ನು ಕಲಿತಿದ್ದೆ. ಈ ರಾಗ ನರಳಾಟದ್ದಲ್ಲ. ನರಳಿದರೆ ದನಿ ಕೆಳಗಿಳಿಯುತ್ತದೆ. ಇದು ಪ್ರತಿ ಸಲವೂ ಕೊನೆಯಲ್ಲಿ ಮೇಲೇರುತ್ತಿತ್ತು. ಅವರು ಏನನ್ನೋ ಕೇಳುತ್ತಿದ್ದರು.

ಗೊತ್ತಾದದ್ದು ಗೊತ್ತಾಯಿತು, ಹೇಳಲು ಮಾತ್ರ ಅಂಜಿಕೆ. ರೋಗಿಯ ಬಾಯಲ್ಲಿ ನಿಮ್ಮ ಮಾತನ್ನು ಇಡಬೇಡಿ ಎಂದು ನಮ್ಮ ಮೇಡಂ ಮೊದಲ ಪಾಠದಲ್ಲೇ ಹೇಳಿದ್ದರು. ಎದುರಿಗೆ ನನ್ನ ಫೀ ಕೊಡಬಹುದಾದ ಮುದುಕಿ ಕೂತಿರುವಾಗ, ಅವರಿಗೆ ಹಿತವಾದದ್ದೇ ನನ್ನ ಕಿವಿಗೆ ಕೇಳಿರಬಹುದಲ್ಲವೇ?

“ಖಾತ್ರಿಲೇ ಹೇಳಾಕ ಆಗೂದಿಲ್ರಿ” ಅಂದೆ. “ನನಗ ಕೇಳಸಿದ್ದು, ‘ಊಟ ಆತೇನ?’ ಅಂತ. ತಪ್ಪೂ ಇರಬಹುದ್ರಿ.”

ಇಂದಿರಾಬಾಯಿ ಫೋನನ್ನು ತಾವೇ ತೆಗೆದುಕೊಂಡು ಮತ್ತೆ ಹಚ್ಚಿದರು. ಊ... ಆ... ಏ... ದನಿ ಮೇಲೇರಿದ ಕಡೆ ಅವರ ತುಟಿ ತಾನಾಗಿ ಅಲುಗಿತು. ಆಮೇಲೆ ಮಡಿಲಲ್ಲಿದ್ದ ಸೀರೆಯ ಪೇಪರನ್ನು ಬಿಡಿಸಿ, ಮಡಿಕೆಗಳನ್ನು ಸವರುತ್ತಾ, ಬಹಳ ಮೆಲ್ಲಗೆ, “ಆಗಿರ್ತಿರ್ಲಿಲ್ಲ ನಂದು” ಅಂದರು. “ಅವರದು ಆಗದ ನಾ ಹ್ಯಾಂಗ ಉಣ್ಣಲಿ?”

ತನ್ವಿ ಅಜ್ಜಿಯ ಕಾಲ ಬಳಿ ಕೂತು ಅವರ ಮೊಣಕಾಲಿಗೆ ತಲೆಯಾನಿಸಿದಳು. ಅಜ್ಜಿ ನನ್ನನ್ನು ಕೇಳಿದರು: “ಖಾತ್ರಿ ಇಲ್ಲ ಅಂತ ಯಾಕ ಹೇಳಿದಿ? ಹೇಳದಿದ್ರೂ ನಾ ನಂಬ್ತಿದ್ದೆ.”

“ಅವರನ್ನ ಕೇಳಾಕ ಬರೂದಿಲ್ಲಲ್ರಿ ಈಗ” ಅಂದೆ.

ಆಸ್ಪತ್ರೆಯ ಕಾಗದಕ್ಕೆ ಅವರು ಸಹಿ ಮಾಡಲಿಲ್ಲ. ನನ್ನ ಉಳಿದ ವರ್ಷಗಳ ಫೀ ಅವರ ಯಜಮಾನರ ಹೆಸರಿನಲ್ಲಿಯೇ ಹೋಯಿತು. ಒಂದು ಕರಾರಿತ್ತು: ಶನಿವಾರ ಬಂದು ತನ್ವಿಗೆ ಕನ್ನಡ ಓದಲು ಕಲಿಸಬೇಕು. ಮೊದಲ ತಿಂಗಳು ಅವಳು “ಳ”ವನ್ನು ಕಂಡರೆ ಸಿಟ್ಟಾಗುತ್ತಿದ್ದಳು. ಈಗ ಅಜ್ಜಿಗೆ ಪೇಪರ್ ಓದಿ ಹೇಳುತ್ತಾಳೆ, ತಪ್ಪಿದರೆ ಅಜ್ಜಿ ತಿದ್ದುವುದಿಲ್ಲ, ನಗುತ್ತಾರೆ.

ನಾನು ಈಗ ಕೊನೆಯ ವರ್ಷದಲ್ಲಿದ್ದೇನೆ. ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ತರಬೇತಿ. ಧಾರಾವಿಯಿಂದ, ಕಟ್ಟಡದ ಕೆಲಸದ ಜಾಗಗಳಿಂದ, ನಮ್ಮ ಕಡೆಯ ಜನ ಬರುತ್ತಾರೆ. ಮೊನ್ನೆ ಕಲಬುರಗಿಯ ಗೌಂಡಿಯೊಬ್ಬ ಮೂರು ವಾರದ ಮೌನದ ನಂತರ “ನೀರ” ಅಂದಾಗ ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡಳು.

ದೀಪಾವಳಿಗೆ ಊರಿಗೆ ಹೊರಟಾಗ, ರೈಲು ಹತ್ತುತ್ತಿದ್ದಂತೆ ಅವ್ವ ಫೋನು ಮಾಡಿ, “ಮನಿ ಬಿಟ್ಟೇನ?” ಅಂದಳು. ಮರುದಿನ ನಮ್ಮ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಮುಲುಂಡ್‌ನಿಂದ ಚಿಗವ್ವನ ಫೋನು: “ಮನಿ ಮುಟ್ಟಿದೇನ?” ಇಬ್ಬರಿಗೂ ಹೂಂ ಅಂದೆ.

ಯಾರ ಫೋನು ಎಂದು ಕಸ್ತೂರಿ ಹುಬ್ಬಿನಲ್ಲೇ ಕೇಳಿದಳು. ಮನೆಯ ಮಾಡಿನಂತೆ ಎರಡು ಅಂಗೈ ಜೋಡಿಸಿ, ಮನೆಯಿಂದ ಎಂದು ಸನ್ನೆ ಮಾಡಿದೆ. ಅವಳು ಗೊಂದಲಗೊಂಡು ನಾವು ಕೂತಿದ್ದ ಕಟ್ಟೆಯನ್ನು ತಟ್ಟಿ ತೋರಿಸಿದಳು: ಮನೆ ಇದಲ್ಲವೇ? ನಾನು ಹೌದೆಂದು ತಲೆಯಾಡಿಸಿದೆ. ಮತ್ತೆ ದೂರಕ್ಕೆ ಬೆರಳು ಚಾಚಿದಳು: ಹಾಗಾದರೆ ಅದು? ಅದಕ್ಕೂ ತಲೆಯಾಡಿಸಿದೆ. ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ನನ್ನ ಅಂಗೈಗಳನ್ನು ಬಿಡಿಸಿ, ಒಂದನ್ನು ತನ್ನ ಕೈಯೊಳಗೆ ಇಟ್ಟುಕೊಂಡು, ಇನ್ನೊಂದನ್ನು ತಾನು ಬೆರಳು ಚಾಚಿದ್ದ ಆ ದೂರಕ್ಕೆ ಬಿಟ್ಟಳು.