ಮೀನು ಬಿಡದ ಸೌತೆಕಾಯಿ

ಕಾಶಿಯಲ್ಲಿ ಮೀನು ಸಾಕಿದ್ದೇನೆ ಎಂದರೆ ನಮ್ಮವರ ಹುಬ್ಬು ಮೇಲೇರುತ್ತದೆ. ಅದು ಸಸ್ಯಾಹಾರಿ ಎಂದು ಸೇರಿಸಿದ ಮೇಲೆಯೇ ಕಾಫಿಯ ಲೋಟಕ್ಕೆ ಕೈ ಹಾಕುತ್ತಾರೆ. ತೊಟ್ಟಿಯ ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುತ್ತ, ಬೆಂದ ತರಕಾರಿ ಮೆಲ್ಲುತ್ತ ಕಾಲಕ್ಷೇಪ ಮಾಡುವ ಆ ಕರಿಯ ಮೀನಿನಷ್ಟು ಸಾತ್ವಿಕ ಜೀವಿ, ಓದುಗ ಮಹಾಶಯರೇ, ನನ್ನನ್ನೂ ಸೇರಿಸಿ ನಮ್ಮ ಬ್ಯಾಂಕಿನಲ್ಲೇ ಇಲ್ಲ.

ಅದು ನನ್ನ ಹೆಂಡತಿ ಶಾರದೆಯ ಮೀನು. ವರ್ಗವಾಗಿ ಇಲ್ಲಿಗೆ ಬಂದ ಹೊಸದರಲ್ಲಿ, ಕಾಶಿಗೆ ಬಂದವರು ಇಷ್ಟದ ತಿನಿಸೊಂದನ್ನು ಬಿಡಬೇಕೆಂಬ ಸಂಪ್ರದಾಯಕ್ಕೆ ತಲೆಬಾಗಿ ನಾನು ಹಾಗಲಕಾಯಿಯನ್ನು ತ್ಯಾಗ ಮಾಡಿ ಧನ್ಯನಾದೆ. ಹುಟ್ಟಿದಾಗಿನಿಂದ ನನಗದು ಕಂಡರಾಗದೆಂಬುದು ವಿಶ್ವನಾಥನಿಗೆ ತಿಳಿದಿರಲಾರದೆಂಬ ಧೈರ್ಯ. ಶಾರದೆ ಮಾತ್ರ ಪ್ರಾಣದಂತಿದ್ದ ಸೌತೆಕಾಯಿಯನ್ನೇ ಬಿಟ್ಟಳು. ಆಮೇಲೆ ಮೀನು ತಂದಳು. ದಿನವೂ ಸೌತೆಯ ಬಿಲ್ಲೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಅದಕ್ಕೆ ಹಾಕುವಳು.

ಹೋದ ವರ್ಷ ಅವಳನ್ನು ಮಣಿಕರ್ಣಿಕೆಯ ಚಿತೆಗೆ ಒಪ್ಪಿಸಿ ಬಂದೆ. ಆ ದುಃಖದಲ್ಲಿ ಅವಳ ಹೆಸರಿನಲ್ಲಿ ನಾನೂ ಸೌತೆಕಾಯಿ ಬಿಟ್ಟೆ. ಅದು ಹೊಸಿಲನ್ನೇ ದಾಟಬಾರದೆಂದು ಪಣತೊಟ್ಟೆ. ಮೀನಿಗೆ, ಯಾತ್ರಿಕರು ಗಂಗೆಯ ಮೀನುಗಳಿಗೆ ಎಸೆಯುವಂತೆ, ಹಿಟ್ಟಿನ ಉಂಡೆ ಹಾಕತೊಡಗಿದೆ. ಪುಣ್ಯ ಬಂತೋ ಇಲ್ಲವೋ, ಮೀನಿನ ಹೊಟ್ಟೆ ಊದಿತು. ಮೇವು ಬಿಟ್ಟು ಮೂಲೆ ಹಿಡಿಯಿತು. ಮಗಳು ಫೋನಿನಲ್ಲಿ ‘ಖಾನಾ ಖಾಯಾ, ಪಾಪಾ?’ ಎಂದು ಹಿಂದಿಯಲ್ಲೇ ಮಾತು ಮುಗಿಸುತ್ತಾಳೆ. ಮನೆಯಲ್ಲಿ ನಾನು ಕನ್ನಡ ಆಡುವುದು ಆ ಮೀನಿನ ಜೊತೆಗೇ. ಅದೂ ಹೋಗಿಬಿಟ್ಟರೆ ಎಂದು ನಿಜಕ್ಕೂ ಹೆದರಿದೆ.

ಶಾರದೆಯ ಮಾಸಿಕ ಮಾಡಿಸಲು ಬಂದ ನಮ್ಮ ಪುರೋಹಿತ ಭಟ್ಟರು ಮೀನನ್ನು ಕಂಡು, ಅಮ್ಮನವರು ಇದಕ್ಕೆ ಏನು ಹಾಕುತ್ತಿದ್ದರೆಂದು ವಿಚಾರಿಸಿದರು. ಸೌತೆಕಾಯಿ ಎಂದು ಹೇಳಿ ನನ್ನ ಪಣವನ್ನೂ ವಿವರಿಸಿದೆ. ಅವರು ತೊಟ್ಟಿಯನ್ನೇ ನೋಡುತ್ತ ಹೇಳಿದರು:

“ಬಿಟ್ಟಿದ್ದು ನೀವು, ರಾಯರೇ. ಮೀನೇನು ಬಿಟ್ಟಿಲ್ವಲ್ಲ.”

ಅವರನ್ನು ಕಳಿಸಿದವನೇ ಸೋನಾರ್‌ಪುರದ ಪೇಟೆಗೆ ನಡೆದೆ. ಸೌತೆಕಾಯಿ ತಂದು ಹೆಚ್ಚುತ್ತಿದ್ದಂತೆ ಆ ತಣ್ಣನೆಯ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಬಾಯಲ್ಲೂ ಕಣ್ಣಲ್ಲೂ ಒಟ್ಟಿಗೇ ನೀರು ಬಂತು. ಅವಳು ದಿನವೂ ಇದೇ ವಾಸನೆಯ ನಡುವೆ ನಿಂತು, ಒಂದು ಚೂರನ್ನೂ ಬಾಯಿಗಿಡದೆ, ಹಾಡಿಕೊಳ್ಳುತ್ತ ಹೆಚ್ಚುತ್ತಿದ್ದಳಲ್ಲ. ಬಿಡುವುದೆಂದರೆ ಬಾಗಿಲು ಹಾಕಿಕೊಳ್ಳುವುದಲ್ಲವೆಂದು ಅವಳಿಗೆ ಗೊತ್ತಿತ್ತು.

ಮೀನು ಮೊದಲು ಮೂಸಿಯೂ ನೋಡಲಿಲ್ಲ. ಮರುದಿನ ಹೊಸ ಬಿಲ್ಲೆ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ತಿರುಳೆಲ್ಲ ಖಾಲಿಯಾಗಿ, ತೊಟ್ಟಿಯ ತಳದಲ್ಲಿ ಹಸಿರು ಸಿಪ್ಪೆ ಬಳೆಯಂತೆ ಬಿದ್ದಿತ್ತು.

“ಶಾರದಾ, ತಿಂತು ಕಣೇ,” ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿಬಿಟ್ಟೆ.

ಆಮೇಲೆ ನಾನೇ ಒಳಗೆ ಹೋಗಿ ಆ ದಿನದ ಬಿಲ್ಲೆ ಹೆಚ್ಚಿದೆ.